ಕಿಟಕಿ ಕಡೆಯ ಕೆನ್ನೆ

ಮಾರ್ಚ್ 3, ಸೋಮವಾರ

ಫೋಟೋ ಪೇಪರ್ ಸಪ್ಲೈ ಮಾಡುವವನು ಜನವರಿಯಲ್ಲಿ ಕೊಟ್ಟ ಡೈರಿ ಇದು. ಎರಡು ತಿಂಗಳು ಇದರ ಮೇಲೆ ಟೀ ಲೋಟ ಇಟ್ಟದ್ದೇ ಬಂತು. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ಹೆಂಡತಿಗೆ ಹೇಳಲಾಗದ ಒಂದು ಕೆಲಸ ಮಾಡಿದ್ದೇನೆ. ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಕೆಟ್ಟ ಕೆಲಸವೇನಲ್ಲ. ಇವಳಿಗೆಂದು ಮುಖಕ್ಕೆ ಹಚ್ಚುವ ಕ್ರೀಮ್ ತರಿಸಿದ್ದೇನೆ. ಅದೂ ಬಿಟ್ಟಿ.

ಇವಳು ಸಿಟಿ ಬಸ್ ಓಡಿಸುತ್ತಾಳೆ. ಹದಿನೈದು ವರ್ಷದಲ್ಲಿ ಒಂದು ಅಪಘಾತ ಇಲ್ಲ, ಯಾರ ಸೈಕಲ್ಲಿಗೂ ತಗಲಿಸಿದ್ದಿಲ್ಲ. ಅದಕ್ಕೆ ಏಪ್ರಿಲ್ ಹನ್ನೆರಡನೇ ತಾರೀಕು ಡಿಪೋದವರು ಪದಕ ಕೊಡುತ್ತಾರೆ, ಅವಳ ದೊಡ್ಡ ಫೋಟೋ ಮಾಡಿಸಿ ಗೇಟಿನ ಬೋರ್ಡಿಗೆ ಹಾಕುತ್ತಾರೆ. ಫೋಟೋ ತೆಗೆಯುವವನು ಡಿಪೋದವರು ಕರೆಸಿದ ಫೋಟೋಗ್ರಾಫರ್, ನಾನಲ್ಲ. ನನ್ನ ತಲೆನೋವು ಅದೇ.

ನಾನು ಸ್ಟುಡಿಯೋದಲ್ಲಿ ಟಚಪ್ ಮಾಡುವವನು. ಇಪ್ಪತ್ತಾರು ವರ್ಷದಿಂದ ಊರಿನವರ ಮುಖಗಳನ್ನು ಕಂಪ್ಯೂಟರಿನಲ್ಲಿ ತೊಳೆದು ಕೊಡುತ್ತಿದ್ದೇನೆ. ಇವತ್ತೇ ನೋಡಿ: ವಕೀಲರ ಮೂಗಿನ ಮೇಲೆ ಮೂರು ಗುಳಿ, ಬ್ಯಾಂಕ್ ಮ್ಯಾನೇಜರ್ ಕಣ್ಣಿನ ಕೆಳಗೆ ಎರಡು ಚೀಲ, ನರ್ಸಮ್ಮನ ಗಲ್ಲದ ಮೇಲೆ ಸುಟ್ಟ ಗಾಯದ ಗುರುತು. ಯಾರೇ ಎದುರಿಗೆ ಬರಲಿ, ನನ್ನ ಕಣ್ಣು ಮೊದಲು ಕಲೆಯ ಮೇಲೇ ಹೋಗಿ ಕೂರುತ್ತದೆ. ಯಜಮಾನರು ನನ್ನನ್ನು ಟಚಪ್ಪು ಎಂದೇ ಕರೆಯುತ್ತಾರೆ. ನನ್ನ ನಿಜವಾದ ಹೆಸರು ಅವರಿಗೆ ನೆನಪಿದೆಯೋ ಇಲ್ಲವೋ.

ಇವಳ ಕಿಟಕಿ ಕಡೆಯ ಕೆನ್ನೆಯಲ್ಲಿ ಬಂಗು ಇದೆ. ಅರ್ಧ ಅಂಗೈಯಷ್ಟು ಅಗಲ, ಕಂದು ಬಣ್ಣ. ಇನ್ನೊಂದು ಕೆನ್ನೆ ಚೊಕ್ಕ. ಡ್ರೈವರ್ ಸೀಟಿನಲ್ಲಿ ಬಿಸಿಲು ಒಂದೇ ಕಡೆಯಿಂದ ಬೀಳುತ್ತದೆ, ಅದಕ್ಕೆ. ನನ್ನ ಕೈಗೆ ಸಿಕ್ಕಿದ ಫೋಟೋಗಳಲ್ಲಿ ನಾನು ಅದನ್ನು ಸರಿಮಾಡುತ್ತೇನೆ. ಬೇರೆಯವನ ಕ್ಯಾಮೆರಾ ಮುಂದೆ ಏನು ಮಾಡುವುದು?

ಮಧ್ಯಾಹ್ನ ಪ್ರಿಂಟರ್ ಬಿಸಿಯಾಗಲೆಂದು ಕಾಯುತ್ತ ಫೋನ್ ನೋಡುತ್ತಿದ್ದೆ. ಒಬ್ಬ ಹೆಂಗಸಿನ ಎರಡು ಫೋಟೋ ಬಂತು. ಒಂದರಲ್ಲಿ ಕೆನ್ನೆ ತುಂಬ ಬಂಗು, ಇನ್ನೊಂದರಲ್ಲಿ ಕೆನ್ನೆ ತೊಳೆದಿಟ್ಟ ಪಿಂಗಾಣಿ ಬಟ್ಟಲು. 'ಹದಿನಾಲ್ಕು ದಿನ ಉಚಿತವಾಗಿ ಬಳಸಿ ನೋಡಿ. ಕಳಿಸುವ ಖರ್ಚು ಮಾತ್ರ ನಿಮ್ಮದು.' ಕೆಳಗೆ ಕೆಂಪಕ್ಷರದಲ್ಲಿ, 'ಇನ್ನು ಏಳು ಡಬ್ಬಿ ಮಾತ್ರ ಉಳಿದಿವೆ.' ನೋಡನೋಡುತ್ತಲೇ ಏಳು ಐದಾಯಿತು. ನಾಲ್ಕಾಗುವಷ್ಟರಲ್ಲಿ ಒತ್ತಿಬಿಟ್ಟೆ. ಕಾರ್ಡಿನ ನಂಬರ್ ಕೇಳಿತು, ಕೊಟ್ಟೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಕಾರ್ಡು, ಇವಳ ಹೆಸರಿನದು. ಓಟಿಪಿ ಕೂಡ ಕೇಳಲಿಲ್ಲ, ಕಳಿಸುವ ಖರ್ಚೂ ಚಿಲ್ಲರೆ, ಇವಳ ಗಮನಕ್ಕೆ ಬರಲಿಕ್ಕಿಲ್ಲ.

ಮಾರ್ಚ್ 8, ಶನಿವಾರ

ಡಬ್ಬಿ ಸ್ಟುಡಿಯೋಗೇ ಬಂತು. ನಿಂಬೆಹಣ್ಣಿನಷ್ಟಿದೆ. ಅದನ್ನಿಟ್ಟು ಕಳಿಸಿದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಬಹುದು.

ಹೇಗೆ ಕೊಡುವುದೆಂದು ಯಜಮಾನರನ್ನು ಕೇಳಿದೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಟಚಪ್ ಮಾಡುತ್ತಿದ್ದ ಕಾಲದವರು.

"ಏನಯ್ಯಾ ಟಚಪ್ಪು, ಅವಳೇನಾದ್ರೂ ಕೇಳಿದ್ಳಾ?"

"ಇಲ್ಲ."

"ಕೇಳದೆ ಕ್ರೀಮ್ ಕೊಡೋದು ಅಂದ್ರೆ, ನಿನ್ನ ಮುಖ ಸರಿ ಇಲ್ಲ ಕಣೆ ಅಂತ ಬರೆದು ಸಹಿ ಹಾಕಿ ಕೊಟ್ಟಂಗೆ."

ನಾನು ಅಂದುಕೊಂಡದ್ದೇ ಬೇರೆ, ಅವರು ಹೇಳಿದ್ದೇ ಬೇರೆ. ಯಾವುದು ಸರಿಯೋ ತಿಳಿಯಲಿಲ್ಲ. ಡಬ್ಬಿಯನ್ನು ಹಳೇ ನೆಗೆಟಿವ್‌ಗಳ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಸೀಲ್ ಒಡೆದಿಲ್ಲ. ಒಡೆದ ದಿನದಿಂದ ತಾನೆ ಹದಿನಾಲ್ಕು ದಿನದ ಲೆಕ್ಕ? ಅವಸರವಿಲ್ಲ.

ಮಾರ್ಚ್ 17, ಸೋಮವಾರ

ರಾತ್ರಿ ಊಟಕ್ಕೆ ಕೂತಾಗ ಇವಳ ಫೋನ್ ಕುಂಯ್ ಅಂದಿತು.

"ಏನ್ರೀ ಇದು? ಯಾರೋ ಅಕೌಂಟಿಂದ ದುಡ್ಡು ಎಳ್ಕೊಂಡಿದಾರೆ! ಇಷ್ಟೊಂದು!"

ಮೊತ್ತ ನೋಡಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಂಪನಿಯ ಹೆಸರು ಆ ಕ್ರೀಮಿನದೇ.

"ಅದು... ಸ್ಟುಡಿಯೋದ ಸಾಫ್ಟ್‌ವೇರು. ಯಜಮಾನ್ರು ಆಮೇಲೆ ಕೊಡ್ತಾರೆ," ಎಂದೆ. ಬಾಯಿಂದ ಬಂದೇ ಹೋಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇವಳಿಗೆ ಸಣ್ಣಪುಟ್ಟ ಸುಳ್ಳು ಹೇಳಿಲ್ಲವೆಂದಲ್ಲ. ಆದರೆ ಇವಳು ಒಂದು ಮಾತೂ ಕೇಳದೆ "ಓ, ಹಂಗಾ" ಎಂದು ಊಟ ಮುಂದುವರಿಸಿದಳಲ್ಲ, ಅದು ನನಗೆ ಚುಚ್ಚಿತು.

ಮಾರ್ಚ್ 18, ಮಂಗಳವಾರ

ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ, ಮಾತೆಲ್ಲ ಜೇನು.

"ಹದಿನಾಲ್ಕು ದಿನ ಅನ್ನೋದು ನೀವು ಆರ್ಡರ್ ಮಾಡಿದ ಕ್ಷಣದಿಂದ ಸರ್. ನೀವು ಬೇಡ ಅಂತ ತಿಳಿಸಿಲ್ಲ. ಅಂದ್ರೆ ನಿಮಗೆ ಇಷ್ಟ ಆಗಿದೆ ಅಂತ ಅರ್ಥ ಸರ್. ಈಗ ನೀವು ನಮ್ಮ ತಿಂಗಳ ಸದಸ್ಯರು."

"ತಾಯೀ, ನಾನು ಡಬ್ಬಿ ಒಡೆದೇ ಇಲ್ಲ!"

"ಒಡೀರಿ ಸರ್. ತುಂಬಾ ಚೆನ್ನಾಗಿದೆ."

ಷರತ್ತುಗಳೆಲ್ಲ ಪುಟದ ತಳದಲ್ಲಿವೆ ಎಂದಳು. ಹೋಗಿ ನೋಡಿದೆ. ಇವೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ, ಇರುವೆ ಸಾಲಿನಂತೆ. ಒಂದು ಮುಖವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಕೂದಲಿನ ಬುಡದ ರಂಧ್ರ ಹುಡುಕುವವನು ನಾನು. ಆ ಪುಟವನ್ನು ದೊಡ್ಡದು ಮಾಡಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಕಾರ್ಡ್ ನಿಲ್ಲಿಸಬೇಕೆಂದರೆ ಇವಳ ಫೋನಿಂದಲೇ ಹೇಳಬೇಕು. ಇವಳಿಗೆ ಹೇಳಿದರೆ ಸಾಫ್ಟ್‌ವೇರಿನ ಕತೆ ಬಯಲಾಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ.

ಮಾರ್ಚ್ 22, ಶನಿವಾರ

ಮತ್ತೆ ಪಾರ್ಸೆಲ್. ಈ ಸಲ ಮೂರು ಡಬ್ಬಿ, ಅದೂ ಕಾರ್ಡಿನ ವಿಳಾಸ ಹಿಡಿದು ನೇರವಾಗಿ ಮನೆಗೆ. ಪುಣ್ಯಕ್ಕೆ ಇವಳು ಡ್ಯೂಟಿಯಲ್ಲಿದ್ದಳು. ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ಇವಳ ತಾಯಿ, ಬಾಗಿಲು ತೆಗೆದು ಇಸಿದುಕೊಂಡಿದ್ದರು.

"ಅಳಿಯಂದ್ರೇ, ಇದೇನೋ ಬಂದಿತ್ತು. ಹಿಮ್ಮಡಿ ಒಡಕಿಗೆ ಹಚ್ಕೊಂಡೆ. ಬಲು ಚೆನ್ನಾಗಿದೆ."

ಎರಡೂ ಕಾಲು ಮುಂದೆ ಚಾಚಿ ತೋರಿಸಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮಗಳಿಗೆ ಹೇಳಬೇಡಿ ಎಂದೆ. "ನಂಗ್ಯಾಕಪ್ಪಾ," ಎಂದು ಇನ್ನೊಂದು ಡಬ್ಬಿಯನ್ನು ಸೆರಗಿನ ಮರೆಗೆ ಸೇರಿಸಿಕೊಂಡರು.

ಜೇನಿನ ಹುಡುಗಿಗೆ ಮತ್ತೆ ಫೋನ್. ಈಗ ಹೊಸ ನಿಯಮ ಹೇಳುತ್ತಾಳೆ: ಸದಸ್ಯತ್ವ ರದ್ದು ಮಾಡಬೇಕಾದರೆ ಕ್ರೀಮಿನಿಂದ ಪ್ರಯೋಜನವಾಗಿಲ್ಲವೆಂದು ತೋರಿಸಬೇಕು. ಮೊದಲಿನದೊಂದು, ಈಗಿನದೊಂದು, ಎರಡು ಫೋಟೋ ಕಳಿಸಬೇಕು. ಎರಡರಲ್ಲೂ ಬಂಗು ಹಾಗೇ ಇದ್ದರೆ ರದ್ದು.

ಇಷ್ಟೇ ತಾನೆ? ನನ್ನ ಹತ್ತಿರ ಇವಳ ನೂರಾರು ಫೋಟೋ ಇವೆ. ಸಂಜೆ ಸ್ಟುಡಿಯೋದಲ್ಲಿ ಕೂತು ಒಂದೊಂದಾಗಿ ತೆಗೆದು ನೋಡಿದೆ. ನಾವು ಸಮುದ್ರಕ್ಕೆ ಹೋಗಿದ್ದು, ಹೊಸ ಮನೆಗೆ ಬಂದಾಗಿನದು, ಅವಳ ಲೈಸೆನ್ಸ್ ರಿನ್ಯೂಯಲ್ ಫೋಟೋ. ಹನ್ನೆರಡು ವರ್ಷದ ಫೋಟೋಗಳು.

ಒಂದರಲ್ಲೂ ಬಂಗು ಇಲ್ಲ. ಎಲ್ಲದರಲ್ಲೂ ಒರೆಸಿಬಿಟ್ಟಿದ್ದೇನೆ. ಮನೆಯಲ್ಲಿ ದಿನಾ ಎದುರಿಗಿರುವ ಮುಖ ಈ ಯಂತ್ರದಲ್ಲಿ ಎಲ್ಲಿಯೂ ಇಲ್ಲ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಕಿಟಕಿ ಹತ್ತಿರ ಕೂರಿಸಿ ಇವಳ ಫೋಟೋ ತೆಗೆದೆ. ಬೇರೆ ಬೇರೆ ದಿನದ್ದೆಂದು ಕಾಣಲಿ ಅಂತ ಯೂನಿಫಾರಂನಲ್ಲಿ ಒಂದು, ಮನೆಯ ಬಟ್ಟೆಯಲ್ಲಿ ಒಂದು.

"ಇದೇನು ಇವತ್ತು ನನ್ನ ಮೇಲೆ ಇಷ್ಟೊಂದು ಪ್ರೀತಿ?"

"ಹೊಸ ಲೆನ್ಸು. ಟೆಸ್ಟ್ ಮಾಡ್ತಿದೀನಿ."

"ಹಂಗಾದ್ರೆ ಲೆನ್ಸಿಗೆ ನನ್ನ ಥ್ಯಾಂಕ್ಸ್ ಹೇಳಿ," ಎಂದು ನಕ್ಕಳು. ಆ ನಗುವಿನಲ್ಲೇ ಒತ್ತಿದೆ. ಎರಡನೇ ಸುಳ್ಳು.

ಮಾರ್ಚ್ 24, ಸೋಮವಾರ

ಫೋಟೋ ಕಳಿಸಿದೆ. ಮೊದಲನೆಯದನ್ನು ಇದ್ದ ಹಾಗೇ ಸೇರಿಸಿದೆ. ಎರಡನೆಯದನ್ನು ತೆರೆಯುವಷ್ಟರಲ್ಲಿ ಒಂದು ಕುಟುಂಬ ನುಗ್ಗಿತು. ಒಂಬತ್ತು ಜನ, ಒಂಬತ್ತು ಪಾಸ್‌ಪೋರ್ಟ್ ಫೋಟೋ, ಒಂಬತ್ತು ರೀತಿಯ ಪ್ರಶ್ನೆ. ಬಾಯಿ ಅವರ ಜೊತೆ, ಕೈ ಮೌಸಿನ ಜೊತೆ. ಹೇಗೋ ಕಳಿಸಿ ಮುಗಿಸಿದೆ. ಇನ್ನು ನಿಶ್ಚಿಂತೆ.

ಮಾರ್ಚ್ 27, ಗುರುವಾರ

'ಅಭಿನಂದನೆಗಳು! ನಿಮ್ಮ ಫಲಿತಾಂಶ ನಮ್ಮ ಪರಿಣತರ ಕಣ್ಣು ತೆರೆಸಿದೆ! ನಿಮ್ಮನ್ನು ಚಿನ್ನದ ಸದಸ್ಯರನ್ನಾಗಿ ಮಾಡಲಾಗಿದೆ.'

ತಲೆಬುಡ ತಿಳಿಯಲಿಲ್ಲ. ಕಳಿಸಿದ ಫೋಟೋ ತೆರೆದು ನೋಡಿದೆ. ಎರಡನೆಯದರಲ್ಲಿ ಕೆನ್ನೆ ಚೊಕ್ಕವಾಗಿದೆ. ಬಂಗಿನ ಸುಳಿವೂ ಇಲ್ಲ. ಆ ಒಂಬತ್ತು ಜನರಿಗೆ ಉತ್ತರ ಹೇಳುತ್ತ ಹೇಳುತ್ತ ನನ್ನ ಕೈ ಅದರ ಪಾಡಿಗೆ ಅದು ಕೆಲಸ ಮಾಡಿ ಮುಗಿಸಿದೆ. ಮಾಡಿದ್ದು ನನಗೆ ನೆನಪೇ ಇಲ್ಲ. ನನ್ನ ಕೈಯನ್ನೇ ಎರಡು ಸಲ ತಿರುಗಿಸಿ ನೋಡಿಕೊಂಡೆ.

ಏಪ್ರಿಲ್ 2, ಬುಧವಾರ

ಇವಳು ಡ್ಯೂಟಿ ಮುಗಿಸಿ ಬಂದು ಶೂ ಕೂಡ ಬಿಚ್ಚದೆ ನನ್ನೆದುರು ಕೂತಳು. ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟಳು. ಅದೇ ಜಾಹೀರಾತು. ಆದರೆ ಈ ಸಲ ಎರಡೂ ಫೋಟೋ ಇವಳದು. 'ಹದಿನಾಲ್ಕೇ ದಿನದಲ್ಲಿ!'

"ಡಿಪೋ ಕ್ಯಾಂಟೀನ್‌ನವಳು ತೋರಿಸಿದ್ಳು. 'ಅಕ್ಕಾ, ಇದು ನೀವೇ ತಾನೆ?' ಅಂದ್ಳು. ನಾನಲ್ಲಮ್ಮ ಅಂದೆ. ಆಮೇಲೆ ನೋಡ್ತೀನಿ, ನನ್ನದೇ ಯೂನಿಫಾರಂ, ನಮ್ಮನೆ ಕಿಟಕಿ."

ಎಲ್ಲ ಹೇಳಿದೆ. ಕ್ರೀಮು, ಕಾರ್ಡು, ಸಾಫ್ಟ್‌ವೇರು, ಲೆನ್ಸು, ಅತ್ತೆಯ ಹಿಮ್ಮಡಿ, ಒಂದನ್ನೂ ಬಿಡಲಿಲ್ಲ. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಇವಳು ಬೈಯಲಿಲ್ಲ. ಬೆರಳಿನಿಂದ ಮೊದಲನೇ ಫೋಟೋವನ್ನು ಮಾತ್ರ ದೊಡ್ಡದು ಮಾಡಿ ನೋಡುತ್ತಿದ್ದಳು, ಬಂಗು ಇರುವುದನ್ನು.

"ಇದನ್ನ ನಂಗ್ಯಾಕೆ ತೋರಿಸ್ಲಿಲ್ಲ?"

"ಇದರಲ್ಲಿ ಏನಿದೆ ತೋರಿಸೋಕೆ?"

"ನಾನಿದೀನಿ." ಗೋಡೆಯ ಮೇಲಿನ ನಮ್ಮ ಸಮುದ್ರದ ಫೋಟೋ ಕಡೆ ನೋಡಿದಳು. "ಅಲ್ಲಿರೋಳು ಯಾರೋ ನಂಗೊತ್ತಿಲ್ಲ ರೀ. ನಿಮಗೆ ಬೇಕಾಗಿರೋಳು ಅವಳೇ ಇರ್ಬೇಕು ಅಂದ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ."

ಇವಳು ಶೂ ಬಿಚ್ಚಿ ಒಳಗೆ ಹೋದಳು.

ಏಪ್ರಿಲ್ 3

ಮಾತಿಲ್ಲ.

ಏಪ್ರಿಲ್ 5

ಮಾತಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ ಕೇಳುತ್ತಾಳೆ. "ನಾನೇನು ಪೋಸ್ಟ್‌ಮ್ಯಾನಾ?" ಎಂದು ಅತ್ತೆ ಇಬ್ಬರನ್ನೂ ಗದರಿದರು. ನನಗೆ ಒಂದೇ ಅರ್ಥವಾಗುತ್ತಿಲ್ಲ. ನಾನು ಇವಳ ಮುಖ ಕೆಡಿಸಲಿಲ್ಲ, ಚೆಂದ ಮಾಡಿದೆ. ಹನ್ನೆರಡು ವರ್ಷ ಕೂಲಿ ಇಲ್ಲದೆ ಮಾಡಿದೆ. ಆದರೂ ತಪ್ಪು ನನ್ನದೇ ಎಂದು ಒಳಗೊಳಗೇ ಗೊತ್ತಿದೆ. ಎಲ್ಲಿ ತಪ್ಪಿದೆನೋ ಆ ಜಾಗ ಮಾತ್ರ ಸಿಗುತ್ತಿಲ್ಲ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಇವಳೇ ಬಂದು ಎದುರು ಕೂತಳು. ಮಾತಾಡಿದಳು, ಆದರೆ ನಮ್ಮಿಬ್ಬರ ವಿಷಯವಲ್ಲ.

"ಕ್ಯಾಂಟೀನ್‌ನವಳು ಆ ಕ್ರೀಮ್ ತರಿಸಿದಾಳೆ. ಅಕ್ಕನೇ ಹಚ್ಕೊಂಡಿದಾರೆ ಅಂದ್ಮೇಲೆ ಮೋಸ ಇರಲ್ಲ ಅಂತ. ಅವಳ ಕಾರ್ಡ್ ನಂಬರೂ ಅವರ ಕೈಗೆ ಹೋಯ್ತು. ಇನ್ನೂ ಮೂರು ಜನ ಕಂಡಕ್ಟರ್‌ಗಳು ತರಿಸೋದ್ರಲ್ಲಿದಾರೆ."

"ಅವರಿಗೆ ಬೇಡ ಅಂತ ಹೇಳು."

"ಅವರಿಗೆ ಹೇಳ್ತೀನಿ. ನನ್ನ ಬಸ್ಸಲ್ಲಿ ದಿನಾ ಹತ್ತಿ ಇಳಿಯೋರಿಗೆ? ಹದಿನೈದು ವರ್ಷ ಒಬ್ಬರಿಗೂ ಗೀರು ಬೀಳದ ಹಾಗೆ ಓಡಿಸಿದೀನಿ. ನನ್ನ ಮುಖ ನೋಡಿ ನಂಬಿ ಹತ್ತೋ ಜನ ರೀ ಅವರು. ಈಗ ಅದೇ ಮುಖ ನೋಡ್ಕೊಂಡು ಹಳ್ಳಕ್ಕೆ ಬೀಳ್ತಿದಾರೆ. ಯಾವ ಮುಖ ಇಟ್ಕೊಂಡು ಶನಿವಾರ ಪದಕ ತಗೊಳ್ಳಲಿ?"

ಇವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ. ಒರೆಸಿಕೊಂಡು ಕೇಳಿದಳು, "ನೀವು ಮಾಡೋ ಕೆಲಸಾನ ನನ್ನ ಬಸ್ಸಲ್ಲಿ ಹಾಕಿ ನಾಲ್ಕು ಜನಕ್ಕೆ ತೋರಿಸ್ತೀರಾ?"

ಏಪ್ರಿಲ್ 7, ಸೋಮವಾರ

ಇಬ್ಬರೂ ಬ್ಯಾಂಕಿಗೆ ಹೋದೆವು. ಕಾರ್ಡ್ ನಿಲ್ಲಿಸಲು ಹತ್ತು ನಿಮಿಷ ಸಾಕಾಯಿತು. ಹೋದ ಹಣಕ್ಕೆ ದೂರು ಬರೆದುಕೊಟ್ಟೆವು, ಬಂದರೆ ಬಂತು. ಜಾಹೀರಾತಿನಿಂದ ಫೋಟೋ ತೆಗೆದುಹಾಕಿ ಎಂದು ಕಂಪನಿಗೆ ಬರೆದರೆ, 'ನಿಮ್ಮ ಪ್ರೀತಿಗೆ ಧನ್ಯವಾದ' ಎಂದು ಉತ್ತರ ಬಂತು.

ಯಜಮಾನರಿಗೆ ಇವಳು ಕೇಳಿದ್ದನ್ನು ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

"ನಮ್ಮ ಹೊಟ್ಟೆಪಾಡೇ ಇದು ಕಣಯ್ಯಾ. ಒಳಗಿನ ಗುಟ್ಟು ಬಸ್ಸಿಗೆ ಅಂಟಿಸಿದ್ರೆ ನಾಳೆ ಗಿರಾಕಿ ಬರ್ತಾರಾ?"

ಕನ್ನಡಕ ಮತ್ತೆ ಹಾಕಿಕೊಂಡು ಅವರೇ ಅಂದರು, "ದೊಡ್ಡ ಸೈಜಲ್ಲೇ ಹಾಕು. ಚಿಕ್ಕದು ಹಾಕಿದ್ರೆ ಹಿಂದಿನ ಸೀಟಿಗೆ ಕಾಣಲ್ಲ."

ಏಪ್ರಿಲ್ 8, ಮಂಗಳವಾರ

ಯೂನಿಫಾರಂನ ಫೋಟೋ ಒಂದನ್ನೇ ಎರಡು ಸಲ ಇಟ್ಟೆ. ಎಡಕ್ಕೆ ಇದ್ದ ಹಾಗೆ, ಬಲಕ್ಕೆ ಟಚಪ್ ಮಾಡಿದ್ದು. ಬಲಗಡೆಯದು ನನಗೆ ನಾಲ್ಕು ನಿಮಿಷದ ಕೆಲಸ. ಇವತ್ತು ಮುಕ್ಕಾಲು ಗಂಟೆ ಹಿಡಿಯಿತು. ಕೆನ್ನೆಯ ಹತ್ತಿರ ಹೋದರೆ ಕೈ ಮುಂದೆ ಹೋಗುವುದೇ ಇಲ್ಲ. ಮೌಸಿನ ಬ್ಯಾಟರಿ ಮುಗಿದಿರಬೇಕು, ಬದಲಾಯಿಸಬೇಕು.

ಕೆಳಗಿನ ಸಾಲುಗಳನ್ನು ಇವಳೇ ಹೇಳಿ ಬರೆಸಿದಳು: 'ಇವೆರಡೂ ಒಂದೇ ಫೋಟೋ. ಎರಡನೆಯದು ನನ್ನ ಗಂಡ ಕಂಪ್ಯೂಟರಿನಲ್ಲಿ ಮಾಡಿದ್ದು. ನಾನು ಯಾವ ಕ್ರೀಮನ್ನೂ ಹಚ್ಚಿಲ್ಲ. ಉಚಿತ ಎಂದು ಕಾರ್ಡಿನ ನಂಬರ್ ಕೇಳಿದರೆ ಕೊಡಬೇಡಿ. ಇಂತಿ ನಿಮ್ಮ ಡ್ರೈವರ್.'

ಅಕ್ಷರ ದಪ್ಪಗೆ, ಕಪ್ಪಗೆ ಹಾಕಿದ್ದೇನೆ. ಡಿಪೋದ ಮೇಲಧಿಕಾರಿ ಒಪ್ಪಿದರಂತೆ. ಅವರ ಮಗಳೂ ಆ ಕ್ರೀಮ್ ತರಿಸಿದ್ದಳಂತೆ.

ಏಪ್ರಿಲ್ 10, ಗುರುವಾರ

ಇವಳ ಬಸ್ಸಿನಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ಡ್ರೈವರ್ ಸೀಟಿನ ಹಿಂದೆ ನನ್ನ ಕೈಕೆಲಸ ನೇತಾಡುತ್ತಿತ್ತು. ಜನ ಫೋಟೋ ನೋಡುವುದು, ಕನ್ನಡಿಯಲ್ಲಿ ಇವಳ ಮುಖ ನೋಡುವುದು, ಮತ್ತೆ ಫೋಟೋ ನೋಡುವುದು. ಒಬ್ಬ ಮುದುಕಿ ಪಕ್ಕದವಳಿಗೆ, "ಇದರ ಗಂಡ ಭಾರೀ ಆಸಾಮಿ ಕಣೇ," ಎಂದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಇಳಿಯುವಾಗ ಇವಳು ನನ್ನ ಕಡೆ ನೋಡಲಿಲ್ಲ, ಆದರೆ ನಾನು ಪೂರ್ತಿ ಇಳಿದು ಕಾಲೂರುವ ತನಕ ಬಸ್ ಬಿಡಲಿಲ್ಲ. ಎಲ್ಲರಿಗೂ ಹಾಗೇ ಮಾಡುತ್ತಾಳೋ ಏನೋ.

ಏಪ್ರಿಲ್ 12, ಶನಿವಾರ

ಪದಕ ಕೊಟ್ಟರು. ಕ್ಯಾಂಟೀನ್‌ನವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು.

ಡಿಪೋದ ಫೋಟೋಗ್ರಾಫರ್ ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸುತ್ತ, "ಮೇಡಂ, ಬೋರ್ಡಿಗೆ ಹಾಕೋ ಮುಂಚೆ ಕೆನ್ನೆ ಸ್ವಲ್ಪ ಟಚಪ್ ಮಾಡ್ಲಾ?" ಎಂದ.

ಇವಳು ನನ್ನ ಕಡೆ ಕೈ ತೋರಿಸಿದಳು. "ಅವರನ್ನ ಕೇಳಿ. ಆ ಕೆಲಸ ಅವರದ್ದು."

ಸುತ್ತ ಇಪ್ಪತ್ತು ಜನ ನಿಂತಿದ್ದರು. ಇವಳ ಮುಖದಲ್ಲಿ ನಗುವಿರಲಿಲ್ಲ. ನಾನು ಪರದೆ ನೋಡಿದೆ. "ಬೇಡ, ಹಾಗೇ ಇರಲಿ," ಎಂದೆ. ಯಾಕೆ ಹಾಗಂದೆನೋ. ಬೆಳಕು ಚೆನ್ನಾಗಿ ಬಿದ್ದಿತ್ತು, ಅದಕ್ಕೇ ಇರಬೇಕು.

ಮನೆಗೆ ಬರುವಾಗ ಬೇರೆಯವರು ಓಡಿಸುವ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಇವಳು ಪದಕ ತೆಗೆದು ನನ್ನ ಜೇಬಿಗೆ ಹಾಕಿದಳು. ಭಾರ ಅಂತೆ. ಎತ್ತಿ ನೋಡಿದರೆ ಅಷ್ಟೇನೂ ಭಾರವಿಲ್ಲ.

ಏಪ್ರಿಲ್ 15, ಮಂಗಳವಾರ

ಜಾಹೀರಾತಿನಲ್ಲಿ ಈಗ ಇವಳ ಫೋಟೋ ಇಲ್ಲ. ಕಂಪನಿಯ ಹೆಸರೂ ಬದಲಾಗಿದೆ, ಹೆಂಗಸೂ ಬೇರೆ. 'ಇನ್ನು ಏಳು ಡಬ್ಬಿ ಮಾತ್ರ' ಎನ್ನುವುದು ಮಾತ್ರ ಹಾಗೇ ಇದೆ. ಬಸ್ಸಿನ ಬೋರ್ಡನ್ನು ಇಳಿಸುವುದಿಲ್ಲ ಎಂದು ಇವಳು ಹೇಳಿದ್ದಾಳೆ.

ಇವತ್ತು ಬರೆಯಬೇಕಾದ ವಿಷಯ ಬೇರೆ. ನನ್ನ ಕಣ್ಣಿಗೆ ಏನೋ ಆಗಿದೆ. ಮಧ್ಯಾಹ್ನ ಒಬ್ಬ ಮೇಷ್ಟ್ರು ಫೋಟೋಗೆ ಬಂದರು. ಅವರ ಮುಖ ಪರದೆ ತುಂಬ ಐದು ನಿಮಿಷದಿಂದ ನನ್ನೆದುರು ಇತ್ತು.

"ಆ ಮಚ್ಚೆ ತೆಗೆದುಬಿಡಿ," ಎಂದರು.

"ಯಾವ ಮಚ್ಚೆ?"

ಮೂಗಿನ ಪಕ್ಕದಲ್ಲೇ, ಕಡಲೆಕಾಳಿನಷ್ಟು. ಅವರು ಬೆರಳಿಟ್ಟು ತೋರಿಸುವ ತನಕ ನನಗೆ ಕಾಣಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದಿಲ್ಲ. ಯಜಮಾನರಿಗೆ ಹೇಳಿದರೆ ಕೆಮ್ಮು ಬರುವ ತನಕ ನಕ್ಕರು.

ಮನೆಗೆ ಬಂದು ಇವಳಿಗೂ ಹೇಳಿದೆ, ಹೊಟ್ಟೆಪಾಡಿನ ಪ್ರಶ್ನೆಯಲ್ಲವೇ? ಇವಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ದೀಪಕ್ಕೆ ಮುಖ ಕೊಟ್ಟು ಕೂತಳು.

"ಏನೇನು ಕಾಣುತ್ತೆ ಹೇಳಿ ನೋಡೋಣ."

"ನಿದ್ದೆ ಸಾಲದ ಕಣ್ಣು. ಬೈಯೋಕೆ ತಯಾರಾಗಿರೋ ಬಾಯಿ. ಕಿವಿ ಹತ್ರ ಎರಡು ಬಿಳಿ ಕೂದಲು, ಹೋದ ವರ್ಷ ಇರ್ಲಿಲ್ಲ."

"ಕೆನ್ನೆ?"

"ಕೆನ್ನೆಗೇನಾಗಿದೆ?"

ಇವಳು ಇನ್ನಷ್ಟು ಮುಂದೆ ಬಾಗಿದಳು. ನನ್ನನ್ನೇ ನೋಡಿದಳು. ಆಮೇಲೆ ತಟ್ಟನೆ ಎದ್ದು ಒಳಗೆ ಹೋದಳು. ಮೂಗು ಎಳೆದ ಸದ್ದು ಕೇಳಿಸಿತು. ಪಾಪ, ನನ್ನ ಕಣ್ಣಿನ ಬಗ್ಗೆ ತುಂಬ ಹೆದರಿಕೊಂಡಿರಬೇಕು. ಶನಿವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ.